ಮಾರ್ಟಿನಪ್ಪನ ಅಂಗಡಿಯ ಕೊನೆಯ ಚಳಿಗಾಲ

ಹೋದ ತಿಂಗಳು ಮಗಳನ್ನು ಕೂರಿಸಿಕೊಂಡು ಪ್ಲೆಸೆಂಟನ್ನಿಂದ ಪೂರ್ವಕ್ಕೆ ಹೋಗುತ್ತಿದ್ದೆ. ಫ್ರೀವೇ ಎಂದಿನಂತೆ ಕಟ್ಟಿಕೊಂಡಿತ್ತು. ನಮ್ಮ ಮುಂದೆ ಹುಲ್ಲಿನ ಪೆಂಡಿಗಳನ್ನು ಹೇರಿಕೊಂಡ ಲಾರಿಯೊಂದು ತೆವಳುತ್ತಿತ್ತು. ಕಿಟಕಿ ಇಳಿಸಿದ್ದೇ ತಡ, ಆ ವಾಸನೆ ಕಾರಿನೊಳಗೆ ನುಗ್ಗಿತು. ಒಣಗಿದ ಹಸಿರು, ಸ್ವಲ್ಪ ಸಿಹಿ, ಸ್ವಲ್ಪ ಚಹಾಪುಡಿಯ ಘಾಟು.

"ಯಕ್ ಮಮ್ಮೀ, ವಾಟೀಸ್ ದಟ್?" ಅಂದಳು ಮಗಳು.

"ಕುದುರೆ ಮಸಾಲೆ ಸೊಪ್ಪು ಕಣೇ, ಒಣಗಿಸಿದ್ದು. ಆಡಿಗೆ, ಹಸುವಿಗೆ ಹಾಕ್ತಾರೆ."

"ಹೌ ಡು ಯು ಈವನ್ ನೋ?"

ಹೇಗೆ ಗೊತ್ತು ಅಂತ ಅವಳಿಗೆ ಹೇಳಲಿಲ್ಲ. ಆ ಚಳಿಗಾಲದಲ್ಲಿ ಅವಳಿನ್ನೂ ಹುಟ್ಟಿರಲಿಲ್ಲ. ಸ್ವಲ್ಪ ಮುಂದೆ ಹೋದರೆ ಗುಡ್ಡದ ಬುಡದಲ್ಲಿ ಮಾರ್ಟಿನ್‌ನ ಅಂಗಡಿ ಇದ್ದ ಜಾಗ ಕಾಣುತ್ತದೆ. ಈಗ ಅಲ್ಲಿ ಒಂದೇ ಬಣ್ಣದ ಸಾಲುಮನೆಗಳು. ನಾನು ಮಾಡಿದ್ದು ಯಾರಿಗೆ ಗೊತ್ತಾಗಬಾರದು ಅಂತ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆನೋ ಆ ಇಬ್ಬರೂ ಈಗಿಲ್ಲ. ಅತ್ತೆ ಗದಗಿನ ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ಮಾರ್ಟಿನ್ ಕೂಡ ಹೋದ ಅಂತ ಯಾರೋ ಹೇಳಿದರು. ಹಾಗಾಗಿ ಬರೆಯುವ ಧೈರ್ಯ ಬಂದಿದೆ, ಇದನ್ನು ಧೈರ್ಯ ಅನ್ನುವುದಾದರೆ.

ನನಗೆ ಮೊದಲಿನಿಂದಲೂ ಅನುಮಾನದ ಸ್ವಭಾವ. ನಮ್ಮಪ್ಪ ಮೈಸೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಬಡಕಲು ಎಮ್ಮೆಗೆ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸಿ ಸಂತೆಗೆ ಹೊಡೆಯುವವರು, ಕೊಂಬು ಹೆರೆದು ವಯಸ್ಸು ಮುಚ್ಚಿಡುವವರು, ಬತ್ತಿದ ಹಸುವಿನ ಜೊತೆ ಯಾರದೋ ಕರು ಬಿಟ್ಟು ಮಾರುವವರು, ಇಂಥವರ ಕತೆಗಳನ್ನು ಕೇಳಿಕೊಂಡೇ ನಾನು ಅನ್ನ ಉಂಡವಳು. ಅಮೆರಿಕಕ್ಕೆ ಬಂದಮೇಲೆ ಈ ಬುದ್ಧಿ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಯಾರು ಎಷ್ಟು ಹೊತ್ತಿಗೆ ಹೋದರು, ಯಾರ ಮನೆಯ ಮುಂದೆ ಯಾವ ಕಾರು ನಿಂತಿದೆ ಅಂತ ನೋಡುವುದೇ ಕೆಲಸವಾಗಿತ್ತು.

ಷೇರುಗಳು ಬಿದ್ದ ಚಳಿಗಾಲ ಅದು. ನನ್ನ ಗಂಡ ಇಲ್ಯಾಸ್ ಪ್ಲೆಸೆಂಟನ್ನಿನ ಆಫೀಸು ಪಾರ್ಕೊಂದರಲ್ಲಿ ಇಂಜಿನಿಯರು. ಪ್ರತಿ ಶುಕ್ರವಾರ ಅವರ ಆಫೀಸಿನಲ್ಲಿ ಒಬ್ಬಿಬ್ಬರ ಮೇಜು ಖಾಲಿಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಗದಗಿನಿಂದ ನಮ್ಮತ್ತೆ ಬಂದರು. ಅದೇ ತಿಂಗಳು ಊರಲ್ಲೆಲ್ಲ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ಮೊದಲ ಸಲ ದೀಪ ಹೋದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲೂ ಕರೆಂಟ ಹೊಕ್ಕೈತಲ್ಲವಾ! ಇದಕ್ಕ ಇಷ್ಟ ದೂರ ವಿಮಾನ ಹತ್ತಿ ಬರಬೇಕಿತ್ತೇನು?"

ನಮ್ಮಿಬ್ಬರ ಮನೆಮಾತೂ ಹೆಸರಿಗೆ ಉರ್ದು. ಅವರ ಗದಗಿನ ಉರ್ದು ನನಗೆ ಅರ್ಧ ತಿಳಿಯದು, ನನ್ನ ಮೈಸೂರು ಉರ್ದು ಕೇಳಿದರೆ ಅವರಿಗೆ ನಗು. ಹೀಗಾಗಿ ನಮ್ಮ ಜಗಳ, ಪ್ರೀತಿ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು.

ಹಿಂದಿನ ವರ್ಷ ಬಕ್ರೀದಿನ ವಾರದಲ್ಲೇ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕುರ್ಬಾನಿಗೆ ಅಂತ ಅವರೇ ಸಾಕಿದ್ದ ಹೋತ ಹಿತ್ತಲಲ್ಲಿ ಹಾಗೇ ಉಳಿದಿತ್ತಂತೆ. ಈ ವರ್ಷ ಅವರ ಹೆಸರಿನಲ್ಲಿ ಒಂದು ಕುರ್ಬಾನಿ ಕೊಡಲೇಬೇಕು ಅನ್ನುವುದು ಅತ್ತೆಯ ಸಂಕಲ್ಪ. ನಮ್ಮ ಕಡೆಯವರೆಲ್ಲ ಮಾಡುವಂತೆ ಮಿಲ್ಪಿಟಾಸಿನ ಹಲಾಲ್ ಅಂಗಡಿಯಲ್ಲಿ ಹೆಸರು ಬರೆಸಿದರೆ ಹಬ್ಬದ ಸಂಜೆ ಪ್ಯಾಕೆಟ್ಟು ಕೈಗೆ ಬರುತ್ತದೆ ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪಾಕೀಟಿನ್ಯಾಗ ಬಂದದ್ದಕ್ಕ ಕುರ್ಬಾನಿ ಅಂತಾರೇನವಾ? ಅದರ ಮಾರಿ ನೋಡಿರಬೇಕ, ಕೈಯಾರೆ ಮೇವ ಹಾಕಿರಬೇಕ. ಕೊಡೂ ಮುಂದ ಕರುಳ ಚುರುಕ್ ಅನ್ನಬೇಕ. ಆವಾಗ ಅದು ಕುರ್ಬಾನಿ."

ಹಲಾಲ್ ಅಂಗಡಿಯ ಖಾಲಿದ್ ಭಾಯಿ ದಾರಿ ತೋರಿಸಿದರು. "ಗಾಳಿಯಂತ್ರದ ಗುಡ್ಡಗಳ ಕಡೆ ಹೋಗಿ. ಐರ್ಲೆಂಡಿನ ಮುದುಕ ಒಬ್ಬ ಇದಾನೆ, ಮಾರ್ಟಿನ್ ಅಂತ. ರಸ್ತೆ ಪಕ್ಕ ಅಂಗಡಿ, ಹಿಂದೆ ಆಡು ಸಾಕುವ ರಾಂಚು. ಮಾತು ಒರಟು, ಮನುಷ್ಯ ಒಳ್ಳೆಯವನು." ಮನುಷ್ಯ ಒಳ್ಳೆಯವನು ಅಂತ ಯಾರಾದರೂ ಮುಂಚಿತವಾಗಿ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಜನವರಿಯ ಒಂದು ಭಾನುವಾರ ಹೋದೆವು. ಈ ಸೀಮೆಯಲ್ಲಿ ಚಳಿಗಾಲಕ್ಕೇ ಮಳೆ, ಚಳಿಗಾಲಕ್ಕೇ ಹಸಿರು. ಬೇಸಿಗೆಯೆಲ್ಲ ಹುಲ್ಲು ಒಣಗಿ ಬೋಳಾಗಿರುವ ಗುಡ್ಡಗಳು ಆಗ ಕಣ್ಣಿಗೆ ತಂಪಾಗಿರುತ್ತವೆ. ಅಂಗಡಿ ಹಳೆಯ ಮರದ ಕಟ್ಟಡ. ಒಳಗೆ ಕಾಲಿಟ್ಟರೆ ಕುದುರೆ ಮಸಾಲೆಯ ವಾಸನೆ. ಮೇವಿನ ಚೀಲ, ಹಗ್ಗ, ಮೊಳೆ, ಬೇಲಿಯ ತಂತಿ, ರಬ್ಬರ್ ಬೂಟು, ದನ ನೆಕ್ಕುವ ಉಪ್ಪಿನ ಗಡ್ಡೆ, ಒಂದು ಮೂಲೆಯಲ್ಲಿ ಚಹಾದ ಡಬ್ಬಿಗಳು. ಯಾವುದರ ಮೇಲೂ ಬೆಲೆಯ ಚೀಟಿ ಇಲ್ಲ. ಅದನ್ನು ನೋಡಿದ ಕೂಡಲೇ, ಇವನು ಮುಖ ನೋಡಿ ಬೆಲೆ ಹೇಳುವವನು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದೆ.

ಮಾರ್ಟಿನ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಕೆಂಪು ಮುಖ, ದಪ್ಪ ಬೆರಳುಗಳು. ಹತ್ತೊಂಬತ್ತನೇ ವಯಸ್ಸಿಗೆ ಐರ್ಲೆಂಡಿನ ಕಲ್ಲುಹೊಲ ಬಿಟ್ಟು ಬಂದವನಂತೆ. ಈ ಗುಡ್ಡಗಳಲ್ಲಿ ಇನ್ನೊಬ್ಬರ ಕುರಿ ಕಾಯ್ದು, ಆಮೇಲೆ ಈ ಅಂಗಡಿಯಲ್ಲಿ ಚೀಲ ಹೊತ್ತು, ಕೊನೆಗೆ ಅಂಗಡಿಯ ಮಾಲೀಕನ ಮಗಳನ್ನೇ ಮದುವೆಯಾದನಂತೆ. ಆಗ ಈ ರಸ್ತೆಗೆ ಡಾಂಬರಿಲ್ಲ, ಗಿರಾಕಿಗಳಲ್ಲಿ ಅರ್ಧ ಜನ ಕುದುರೆಯ ಮೇಲೆ ಬರುತ್ತಿದ್ದರು ಅಂದ. ಮಾಲೀಕನ ಮಗಳು ಅಂದಾಗ ನಾನು ಓಹೋ ಅಂದುಕೊಂಡೆ. ಹೆಂಡತಿ ಸತ್ತು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿನ ದೊಡ್ಡಿಗೆ ಇಳಿದೇಬಿಟ್ಟರು. ಕುರ್ಬಾನಿಯ ಪ್ರಾಣಿಗೆ ಊನ ಇರಬಾರದು. ಕುರುಡಿರಬಾರದು, ಕುಂಟಬಾರದು, ಎದ್ದು ಕಾಣುವ ರೋಗ ಇರಬಾರದು. ಹೋತಗಳ ತುಟಿ ಬಿಡಿಸಿ ಹಲ್ಲು ನೋಡಿದರು, ಕಿವಿ ಹಿಡಿದು ನೋಡಿದರು, ಹಿಂದೆ ನಿಂತು ನಡೆಸಿ ನೋಡಿದರು. ಕಂದು ಮೈಯ, ಹಣೆಗೆ ಬಿಳಿ ಮಚ್ಚೆಯ ಒಂದನ್ನು ಆರಿಸಿದರು. ಮಾರ್ಟಿನ್ ಕೈಕಟ್ಟಿ ನೋಡುತ್ತಿದ್ದವನು ನನಗೆ, "ನಿನ್ನ ಅತ್ತೆಗೆ ಈ ಕೆಲಸ ಗೊತ್ತು. ನನ್ನ ಹಿಂಡಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ" ಅಂದ. ಮಾರುವವನು ಇನ್ನೇನು ಹೇಳುತ್ತಾನೆ ಅಂದುಕೊಂಡೆ.

ಬೆಲೆ ಕುದುರಿತು. ಮಾರ್ಟಿನ್ ಅಂಗೈಗೆ ಥೂ ಅಂತ ಉಗುಳಿಕೊಂಡು ಆ ಕೈಯನ್ನು ಅತ್ತೆಯ ಮುಂದೆ ಚಾಚಿದ. ಅತ್ತೆ ಬೆಚ್ಚಿ ನನ್ನ ಬೆನ್ನ ಹಿಂದೆ ಸರಿದರು. "ಏನವಾ ಇದು, ಉಗುಳತಾನಲ್ಲ!" ಇಲ್ಯಾಸ್ ಮುಂದೆ ಬಂದು ಮುಖ ಕಿವುಚಿಕೊಂಡೇ ಆ ಕೈಗೆ ಕೈ ಹೊಡೆದರು. ದುಡ್ಡು ಕೊಟ್ಟಮೇಲೆ ಮಾರ್ಟಿನ್ ಅದರಲ್ಲೇ ಒಂದು ನೋಟು ತೆಗೆದು ಅತ್ತೆಯ ಮುಂದಿನ ಚೀಲದ ಮೇಲೆ ಇಟ್ಟ. "ಮಿಸಸ್‌ಗೆ. ಅದೃಷ್ಟಕ್ಕೆ" ಅಂದ.

ದಾರಿಯುದ್ದಕ್ಕೂ ಅದೇ ನನ್ನ ತಲೆ ಕೊರೆಯಿತು. "ರೀ, ಯಾವ ವ್ಯಾಪಾರಿ ಕೇಳದೇ ದುಡ್ಡು ವಾಪಸ್ ಕೊಡ್ತಾನೆ? ಆ ಹೋತಕ್ಕೆ ಏನೋ ಐಬಿದೆ."

"ಫರೀದಾ, ನಿನಗೆ ಕಡಿಮೆ ಕೊಟ್ರೂ ಅನುಮಾನ, ಜಾಸ್ತಿ ಕೊಟ್ರೂ ಅನುಮಾನ" ಅಂದರು ಇಲ್ಯಾಸ್. "ನಂಗೆ ಆಫೀಸಿನ ಟೆನ್ಷನ್ನೇ ಸಾಕಾಗಿದೆ. ಸುಮ್ಮನಿರು."

ಹಬ್ಬದವರೆಗೆ ಹೋತ ಅಲ್ಲೇ ಇರಬೇಕು, ನಾವು ಭಾನುವಾರಗಳಲ್ಲಿ ಹೋಗಿ ಮೇವು ಹಾಕಿ ಬರಬೇಕು ಅಂತ ಮಾತಾಗಿತ್ತು. ಎರಡನೇ ಭಾನುವಾರ ಅತ್ತೆ ಮೆಹಂದಿ ಕಲಸಿಕೊಂಡು ಹೋಗಿ ಹೋತದ ಹಣೆಯ ಬಿಳಿ ಮಚ್ಚೆಗೆ ಹಚ್ಚಿದರು. ಮೆಹಂದಿ ಹಚ್ಚಿದ ಮೇಲೆ ಅದು ಕುರ್ಬಾನಿಗೆ ಗೊತ್ತುಮಾಡಿದ ಪ್ರಾಣಿ, ಬದಲಾಯಿಸುವ ಹಾಗಿಲ್ಲ ಅಂದರು. ಮಾರ್ಟಿನ್ ಯಾಕೆ ಏನು ಅಂತ ಕೇಳಲಿಲ್ಲ, ಹೋತದ ಕುತ್ತಿಗೆ ಹಿಡಿದುಕೊಂಡು ನಿಂತ. ಆಮೇಲೆ ಒಳಗೆ ಕರೆದು ಚಹಾ ಕೊಟ್ಟ. ಹಾಲು ಹಾಕಿ, ಕೆಂಪಗೆ, ನಾಲಿಗೆ ಹಿಡಿದುಕೊಳ್ಳುವಷ್ಟು ಗಟ್ಟಿ. ಅತ್ತೆ ಒಂದು ಗುಟುಕು ಕುಡಿದು ಕಣ್ಣರಳಿಸಿದರು.

"ಈ ದೇಶದಾಗ ಚಾ ಮಾಡಾಕ ಬರೋ ಮನಷ್ಯಾ ಒಬ್ಬನರ ಸಿಕ್ಕ ನೋಡು. ಏನ ಹೆಸರಂದಿ ಇವಂದು?"

"ಮಾರ್ಟಿನ್."

"ಮಾರ್ಟಿನಪ್ಪಾ," ಅಂದರು ಅತ್ತೆ ಅವನ ಕಡೆ ತಿರುಗಿ, "ಚಾ ಭಾಳ ಚೊಲೊ ಆಗೇತಿ."

ಆಮೇಲೆ ಅವರಿಬ್ಬರದೂ ಒಂದು ಲೋಕವಾಯಿತು. ಅತ್ತೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವರು. ಅವನು ಚಟ್ನಿ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ತಿನ್ನುವನು. ನಡುವೆ ನಾನು. ಇವರ ಕನ್ನಡವನ್ನು ಇಂಗ್ಲಿಷಿಗೆ, ಅವನ ಇಂಗ್ಲಿಷನ್ನು ಕನ್ನಡಕ್ಕೆ ಮಾಡುವುದು ನನ್ನ ಪಾಲಿಗೆ ಬಂತು. ಒಂದು ದಿನ ಅವನು ತನ್ನೂರಿನ ದನದ ಸಂತೆಯ ವಿಷಯ ಹೇಳಿದ. ಉಗುಳಿದ ಕೈಗೆ ಕೈ ಹೊಡೆದರೆ ಮಾತು ಆದಂತೆ, ಆಮೇಲೆ ಸಾಯುವವರೆಗೂ ತಿರುಗುವ ಹಾಗಿಲ್ಲ. ಮಾರಿದವನು ಕೊಂಡವನಿಗೆ ಸ್ವಲ್ಪ ದುಡ್ಡು ಹಿಂದಕ್ಕೆ ಕೊಡಬೇಕು, ಪ್ರಾಣಿಯ ಜೊತೆ ಅದೃಷ್ಟವೂ ಹೋಗಲಿ ಅಂತ. ಅತ್ತೆ ತಲೆದೂಗಿದರು. "ನಮ್ಮ ಕಡೆ ಟವೆಲ್ಲಿನ ಕೆಳಗ ಬೆರಳ ಹಿಡದು ವ್ಯಾಪಾರ ಮಾಡತಾರಲ್ಲ, ಹಂಗ." ನಾನು ಅನುವಾದ ಮಾಡಿದೆ. ಕತೆ ಚೆನ್ನಾಗಿ ಕಟ್ಟುತ್ತಾನೆ ಅಂತ ಒಳಗೇ ಅಂದುಕೊಂಡೆ.

ಯಾಕೆಂದರೆ ನಾನು ಬೇರೆಯದನ್ನೂ ನೋಡಿದ್ದೆ. ಹಿಂದಿನ ಒಂದು ಕೊಟ್ಟಿಗೆಗೆ ಸದಾ ಬೀಗ ಇರುತ್ತಿತ್ತು. ಅಲ್ಲೇನಿದೆ ಅಂತ ಕೇಳಿದರೆ "ಮರಿ ಹಾಕುವವು, ಗಲಾಟೆ ಆಗಬಾರದು" ಅಂದ. ಮರಿ ಹಾಕುವ ಆಡಿಗೆ ಬೀಗ ಯಾಕೆ?

ಜನವರಿ ಮುಗಿಯುವ ಹೊತ್ತಿಗೆ ಹೋದಾಗ ಅಂಗಡಿಯಲ್ಲಿ ಮಾರ್ಟಿನ್ ಇರಲಿಲ್ಲ. ಪಕ್ಕದ ಜಮೀನಿನ ಮಾನ್ವೆಲ್ ಕೂತಿದ್ದ. ಪೋರ್ಚುಗೀಸ್ ಮೂಲದ ಮುದುಕ, ಮೆಲುಮಾತಿನವನು, ಹಿಂದೆ ಹಾಲಿನ ದನ ಇಟ್ಟುಕೊಂಡಿದ್ದವನು. ಮಾರ್ಟಿನ್‌ನ ಅಣ್ಣ ತೀರಿಕೊಂಡಿದ್ದಾನೆ, ಮಣ್ಣಿಗೆ ಐರ್ಲೆಂಡಿಗೆ ಹೋಗಿದ್ದಾನೆ, ಅಲ್ಲಿಯವರೆಗೆ ಅಂಗಡಿ, ಹಿಂಡು ಎರಡೂ ತನ್ನ ಕೈಯಲ್ಲಿ ಅಂದ. ನಲವತ್ತು ವರ್ಷದಿಂದ ಹೀಗೇ, ನಾನು ಹೋದರೆ ಅವನು, ಅವನು ಹೋದರೆ ನಾನು ಅಂದ. ಮಾರ್ಟಿನ್ ಹಿಂದಿರುಗಿದಾಗ ಇಳಿದುಹೋಗಿದ್ದ. ಅತ್ತೆ ಅವನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಅವನ ತಟ್ಟೆಗೆ ಹಾಕಿದರು. ನನಗೆ ಅನುವಾದದ ಕೆಲಸ ಇಲ್ಲದ ಭಾನುವಾರ ಅದೊಂದೇ.

ಅದಾದ ಕೆಲವು ದಿನಕ್ಕೆ ಟೀವಿಯಲ್ಲಿ ಕಡಲಾಚೆಯ ಸುದ್ದಿ ಶುರುವಾಯಿತು. ಅವನ ದೇಶದ ಪಕ್ಕದ ದೇಶದಲ್ಲಿ ದನ, ಕುರಿಗಳಿಗೆ ಕಾಲುಬಾಯಿ ಜ್ವರ. ಸಾವಿರಾರು ಪ್ರಾಣಿಗಳನ್ನು ಕೊಂದು ಗುಡ್ಡೆಹಾಕಿ ಸುಡುತ್ತಿದ್ದರು. ಕಾಲು ಮೇಲೆ ಮಾಡಿ ಉರಿಯುವ ಹಸುಗಳನ್ನು ಅತ್ತೆ ನೋಡಲಾರದೆ ಎದ್ದುಹೋದರು. ನಾನು ಎವೆ ಮುಚ್ಚದೆ ನೋಡಿದೆ. ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು. ಬಾಯಲ್ಲಿ ಹುಣ್ಣು, ಜೊಲ್ಲು, ಕಾಲು ಎತ್ತಿ ಎತ್ತಿ ಇಡುವುದು. ಬೂಟಿನ ಕೆಸರಿನಲ್ಲೂ ಬರುತ್ತದೆ, ಗಾಳಿಯಲ್ಲೂ ಬರುತ್ತದೆ. ವಿದೇಶದ ಹೊಲಗಳಿಗೆ ಹೋಗಿಬಂದವರು ಜಾಗ್ರತೆ, ಅನುಮಾನ ಬಂದರೆ ಈ ನಂಬರಿಗೆ ಫೋನು ಮಾಡಿ ಅಂತ ತೆರೆಯ ಕೆಳಗೆ ಹಾಕಿದರು. ಬರೆದಿಟ್ಟುಕೊಂಡೆ.

ಮುಂದಿನ ಭಾನುವಾರ ಜೋರು ಮಳೆ. ಬಕ್ರೀದಿಗೆ ಇನ್ನು ಎರಡು ವಾರ. ಕೊಡೆ ಹಿಡಿದು ದೊಡ್ಡಿಯ ಹತ್ತಿರ ಹೋದರೆ ನಮ್ಮ ಹೋತ ಹಿಂಡಿನಿಂದ ಬೇರೆಯಾಗಿ ನಿಂತಿತ್ತು. ತುಟಿಯ ಸುತ್ತ ಕಪ್ಪಗೆ ಹಕ್ಕಳೆ ಕಟ್ಟಿತ್ತು. ಬಾಯಿಂದ ಜೊಲ್ಲು. ನಮ್ಮನ್ನು ನೋಡಿ ಬರುವಾಗ ಮುಂಗಾಲು ಒಂದನ್ನು ಊರಲಿಲ್ಲ. ಅತ್ತೆ ಕೈ ಚಾಚಿದರು.

"ಮುಟ್ಟಬೇಡಿ!" ಮಾರ್ಟಿನ್ ಓಡಿಬಂದ. "ಏನಿಲ್ಲ, ಬಾಯಿಹುಣ್ಣು. ಪ್ರತಿವರ್ಷ ಕೆಲವಕ್ಕೆ ಬರುತ್ತೆ, ತಾನೇ ಹೋಗುತ್ತೆ. ಆದರೆ ಕೈಗೆ ಅಂಟಿಕೊಳ್ಳುತ್ತೆ, ಅದಕ್ಕೇ ಹೇಳಿದೆ. ಹಬ್ಬದೊಳಗೆ ವಾಸಿಯಾಗದಿದ್ದರೆ ಮಿಸಸ್ ಬೇರೆ ಯಾವುದನ್ನಾದರೂ ಆರಿಸಿಕೊಳ್ಳಲಿ. ಇಡೀ ಹಿಂಡು ಅವರ ಮುಂದಿದೆ."

ಅತ್ತೆಗೆ ಹೇಳಿದೆ. ಅವರ ಮುಖ ಬಾಡಿತು. "ಮೆಹಂದಿ ಹಚ್ಚೇನಿ. ಅವರ ಹೆಸರ ತೊಗೊಂಡೇನಿ. ಬ್ಯಾರೇದು ಹೆಂಗ ಒಯ್ಯಲಿ?" ಮಳೆಯಲ್ಲೇ ನಿಂತು ಕಣ್ಣೀರು ಹಾಕಿದರು. ಹಿಂದಿನ ವರ್ಷದಂತೆ ಈ ವರ್ಷವೂ ಮಾವನ ಹೆಸರಿನ ಕುರ್ಬಾನಿ ನಡೆಯದೇ ಹೋಗುತ್ತದೆ ಅನ್ನುವುದು ಅವರಿಗೆ ಗಟ್ಟಿಯಾಗಿಬಿಟ್ಟಿತ್ತು.

ನನಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಕೇಳದೇ ಕೊಟ್ಟ ದುಡ್ಡು, ಬೀಗದ ಕೊಟ್ಟಿಗೆ, ಐರ್ಲೆಂಡಿನ ಬೂಟು, ಈಗ ಕಾಲು, ಬಾಯಿ. ಬೇರೆಯದು ತಗೊಳ್ಳಿ ಅಂತ ತಾನಾಗೇ ಅಂದನಲ್ಲ, ಗೊತ್ತಿದ್ದೇ ಅಂದ. ಮುಚ್ಚಿಡುತ್ತಿದ್ದಾನೆ. ಅವನನ್ನೇ ನೇರವಾಗಿ ಕೇಳಬಹುದಿತ್ತು. ಊರಿಂದ ಬಂದವನು ಬೂಟು ತೊಳೆದೆಯಾ, ಡಾಕ್ಟರಿಗೆ ತೋರಿಸಿದೆಯಾ, ಆ ಬೀಗ ತೆಗೆ ನೋಡೋಣ, ಹೀಗೆ ಒಂದು ಮಾತು. ಅವನು ಹತ್ತು ಹೆಜ್ಜೆ ದೂರದಲ್ಲಿ ತೊಯ್ಯುತ್ತಾ ನಿಂತಿದ್ದ. ಕೇಳಲಿಲ್ಲ. ಅನುಮಾನದವರು ಎದುರಿಗೆ ಕೇಳುವುದಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ.

ಮರುದಿನ ಬೆಳಿಗ್ಗೆ ಇಲ್ಯಾಸ್ ಆಫೀಸಿಗೆ ಹೋದಮೇಲೆ, ಹಾಲು ತರುತ್ತೇನೆ ಅಂತ ಅತ್ತೆಗೆ ಹೇಳಿ ಹೊರಟೆ. ಮನೆಯ ಫೋನಿನಿಂದ ಮಾಡಿದರೆ ನಂಬರು ಸಿಗುತ್ತದೆ ಅಂತ ಗ್ರಾಸರಿಯ ಹೊರಗಿನ ಪೇಫೋನಿಗೆ ಹೋದೆ. ಅಂಗಡಿ ಎಲ್ಲಿದೆ, ಮುದುಕ ಎಲ್ಲಿಗೆ ಹೋಗಿ ಬಂದ, ಹೋತದ ಬಾಯಿ ಹೇಗಿದೆ, ಕಾಲು ಹೇಗಿದೆ, ಎಲ್ಲ ಹೇಳಿದೆ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ ನಿಮ್ಮ ಹೆಸರು ಅಂದಳು. ಇಟ್ಟುಬಿಟ್ಟೆ. ಅತ್ತೆಗೋಸ್ಕರ ಮಾಡಿದೆ, ಊರಿನ ದನಗಳಿಗೋಸ್ಕರ ಮಾಡಿದೆ ಅಂತ ನನಗೇ ಹೇಳಿಕೊಂಡು ಹಾಲು ತಂದೆ. ನಿಜ ಹೇಳಬೇಕೆಂದರೆ, ಅವನು ಕಳ್ಳ ಅಂತ ಸಾಬೀತಾಗಲಿ ಎಂದು ಮೊದಲ ದಿನದಿಂದ ಕಾಯುತ್ತಿದ್ದೆ. ಫೋನು ಇಟ್ಟಾಗ ನನಗೆ ಖುಷಿಯಾಗಿತ್ತು.

ಎರಡು ದಿನದಲ್ಲಿ ಖಾಲಿದ್ ಭಾಯಿ ಫೋನು ಮಾಡಿದರು. ಮಾರ್ಟಿನ್‌ನ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದಾರೆ, ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡ ಸರ್ಕಾರಿ ದನದ ಡಾಕ್ಟರುಗಳು ಬಂದಿದ್ದಾರೆ, ಒಂದು ಪ್ರಾಣಿಯೂ ಒಳಗೆ ಹೋಗುವ ಹಾಗಿಲ್ಲ, ಹೊರಗೆ ಬರುವ ಹಾಗಿಲ್ಲ. ಅತ್ತೆ ನಮಾಜಿಗೆ ಜಾನಮಾಜ್ ಹಾಸಿ ಕೂತವರು ಏಳಲೇ ಇಲ್ಲ. "ನಮ್ಮ ಮಾರ್ಟಿನಪ್ಪಗ ಹಿಂಗಾತಲ್ಲವಾ" ಅಂತ ಅವನಿಗಾಗಿಯೂ ದುವಾ ಮಾಡಿದರು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಅವರಿಗೆ ಮೊದಲು ಹೋತದ ಚಿಂತೆ ಬರುತ್ತದೆ ಅಂದುಕೊಂಡಿದ್ದೆ, ಮನುಷ್ಯನ ಚಿಂತೆ ಬಂತು.

ರಕ್ತ ತೆಗೆದರು, ಜೊಲ್ಲು ತೆಗೆದರು, ಎಲ್ಲಿಗೋ ಕಳಿಸಿದರು. ಫಲಿತಾಂಶ ಬರುವಷ್ಟರಲ್ಲಿ ಹಬ್ಬದ ದಿನ ಬಂದೇಬಿಟ್ಟಿತು. ನಮಾಜು ಮುಗಿಸಿ ಬಂದು ಬಾಡಿದ ಮುಖ ಹೊತ್ತು ಕೂತಿದ್ದೆವು. ಕುರ್ಬಾನಿಗೆ ಮೂರು ದಿನದ ಅವಕಾಶವಿದೆ ಅನ್ನುವುದೊಂದೇ ಅತ್ತೆಯ ಆಸೆ. ಮರುದಿನ ಬೆಳಿಗ್ಗೆ ಫೋನು ಬಂತು. ಮಾರ್ಟಿನ್‌ನ ದನಿ.

"ಹಗ್ಗ ಬಿಚ್ಚಿದರು. ಏನೂ ಇಲ್ಲ, ಬರೀ ಬಾಯಿಹುಣ್ಣು. ನಿಮ್ಮ ಹೋತ ಗಟ್ಟಿಯಾಗಿದೆ. ಮಿಸಸ್‌ನ ಕರೆದುಕೊಂಡು ಬಾ."

ಮಳೆ ನಿಂತು ಬಿಸಿಲು ಬಿದ್ದಿತ್ತು. ಗುಡ್ಡದ ಮೇಲೆ ಹಳದಿ ಹೂವು. ಖಾಲಿದ್ ಭಾಯಿಯೂ ಚೂರಿ ತೆಗೆದುಕೊಂಡು ಬಂದಿದ್ದರು. ಅತ್ತೆ ಹೋತದ ತುಟಿ ನೋಡಿದರು. ಹಕ್ಕಳೆ ಉದುರಿ ಗುಲಾಬಿ ಚರ್ಮ ಬಂದಿತ್ತು. ನಡೆಸಿ ನೋಡಿದರು. ನಾಲ್ಕೂ ಕಾಲು ಊರಿ ನಡೆಯಿತು. ಬಾಯಿ ನೋವಿಗೆ ಮೇವು ಮುಟ್ಟುತ್ತಿರಲಿಲ್ಲವಂತೆ. ಮಾರ್ಟಿನ್ ಓಟ್ಸ್ ಬೇಯಿಸಿ ದಿನಕ್ಕೆ ನಾಲ್ಕು ಸಲ ಕೈಯಿಂದ ತಿನ್ನಿಸಿದ್ದ, ಗೊರಸಿನ ಹತ್ತಿರದ ಹುಣ್ಣಿಗೆ ಮುಲಾಮು ಹಚ್ಚಿದ್ದ. ಅವನ ಬೆರಳಿನ ಮೇಲೂ ಅದೇ ಹುಣ್ಣು ಎದ್ದಿತ್ತು. ಬಟ್ಟೆ ಸುತ್ತಿಕೊಂಡಿದ್ದ. ಬೀಗದ ಕೊಟ್ಟಿಗೆಯ ಬಾಗಿಲು ಆ ದಿನ ತೆರೆದಿತ್ತು. ಒಳಗೆ ಹೊಸ ಮರಿಗಳು ತಾಯಿಯ ಹೊಟ್ಟೆಗೆ ಗುದ್ದುತ್ತಿದ್ದವು. ಹಿಂದೆ ಒಂದು ವರ್ಷ ಯಾರೋ ರಜೆಗೆ ಬಂದವರ ನಾಯಿ ನುಗ್ಗಿ ಆರು ಮರಿ ಕೊಂದಿತ್ತಂತೆ, ಅದಕ್ಕೆ ಬೀಗ.

ಕುರ್ಬಾನಿ ನಡೆಯಿತು. ಮಾವನ ಹೆಸರನ್ನು ಅತ್ತೆಯೇ ಹೇಳಿದರು. ಆಮೇಲೆ ಅವರ ಮುಖದಲ್ಲಿ ಒಂದು ವರ್ಷದಿಂದ ಇರದಿದ್ದ ನೆಮ್ಮದಿ ಕಂಡಿತು. ಮೂರು ಪಾಲು ಮಾಡಿ, ನೆಂಟರು ಗೆಳೆಯರಿಗೆ ಅಂತ ಇರುವ ಪಾಲಿನ ಒಳ್ಳೆಯ ತುಂಡುಗಳನ್ನು ಅತ್ತೆ ಮಾರ್ಟಿನ್‌ಗೆ ಕೊಟ್ಟರು. ಅವನು ಎರಡು ಕೈಯಲ್ಲೂ ತೆಗೆದುಕೊಂಡ. ಇನ್ನೊಂದು ಕಟ್ಟು ಕಟ್ಟಿ, "ಇದು ಆ ಬಾಜೂಕಿನ ಮಾನ್ವೆಲ್ಲಗ ಕೊಡು ಅನ್ನವಾ" ಅಂದರು ನನಗೆ.

ಹೇಳಿದೆ. ಮಾರ್ಟಿನ್ ಮುಖ ಬಿಗಿಯಿತು.

"ಮಾನ್ವೆಲ್‌ಗೆ ಕೊಡುವುದಾದರೆ ನೀವೇ ಕೊಡಿ. ನಾನು ಅವನ ಜೊತೆ ಮಾತು ಬಿಟ್ಟಿದ್ದೇನೆ."

ಯಾಕೆ ಅಂತ ಕೇಳುವ ಅಗತ್ಯ ನನಗಿರಲಿಲ್ಲ. ಆದರೂ ಕೇಳಿದೆ.

"ಯಾರೋ ಫೋನು ಮಾಡಿ ಹೇಳಿದ್ದಾರೆ. ನಾನು ಊರಿಗೆ ಹೋಗಿದ್ದು, ಯಾವ ಪ್ರಾಣಿಗೆ ಏನಾಗಿದೆ ಅನ್ನುವುದು, ಎಲ್ಲ ಗೊತ್ತಿದ್ದವರು. ನಿಮ್ಮನ್ನು ಬಿಟ್ಟರೆ ಅಷ್ಟು ಗೊತ್ತಿದ್ದವನು ಅವನೊಬ್ಬನೇ. ನಲವತ್ತು ವರ್ಷ ಬಾಗಿಲಿನ ಕೀಲಿ ಅವನ ಕೈಗೆ ಕೊಟ್ಟಿದ್ದೆ." ಅವನು ಖಾಲಿ ರಸ್ತೆಯ ಕಡೆ ನೋಡಿದ. ಕುದುರೆಯವರು, ಕೋಳಿಯವರು, ಭಾನುವಾರ ಸಾಲು ನಿಲ್ಲುತ್ತಿದ್ದ ಗಿರಾಕಿಗಳು ಒಬ್ಬರೂ ಇರಲಿಲ್ಲ. ರೋಗವಿಲ್ಲ ಅಂತ ಕಾಗದ ಬಾಗಿಲಿಗೆ ಅಂಟಿಸಿದ್ದರೂ ಯಾರೂ ಇತ್ತ ತಲೆ ಹಾಕಿರಲಿಲ್ಲ. "ಅಂಗಡಿ ಮುಚ್ಚುತ್ತೇನೆ. ಮನೆ ಕಟ್ಟುವವರು ಜಾಗ ಕೇಳುತ್ತಲೇ ಇದ್ದರು, ಕೊಟ್ಟುಬಿಡುತ್ತೇನೆ. ಗಿರಾಕಿಗಳು ಹೋದರೆ ಹೋಗಲಿ, ತಿರುಗಿ ಬರುತ್ತಾರೆ. ಅವನ ಬೇಲಿಯ ಪಕ್ಕದಲ್ಲಿ ಬದುಕುವುದು ನನ್ನ ಕೈಲಾಗುವುದಿಲ್ಲ."

ಬೇಲಿಯಾಚೆ ದೂರದಲ್ಲಿ ಮಾನ್ವೆಲ್ ಕಾಣುತ್ತಿದ್ದ. ನಮ್ಮ ಕಡೆ ನೋಡಿ ಕೈ ಎತ್ತಲು ಹೋಗಿ, ಇಳಿಸಿ, ಬಗ್ಗಿ ತನ್ನ ಕೆಲಸಕ್ಕೆ ತೊಡಗಿದ.

ಒಂದು ಮಾತು ಸಾಕಿತ್ತು. ಇಂಗ್ಲಿಷಿನಲ್ಲಿ ಮೂರು ಪದ. ನಾಲಿಗೆಯ ತುದಿಯವರೆಗೂ ಬಂತು. ಇಲ್ಯಾಸರ ಕೆಲಸ, ವೀಸಾ, ಅತ್ತೆಯ ಮುಖ, ಖಾಲಿದ್ ಭಾಯಿ ನಾಳೆ ಊರಿಗೆಲ್ಲ ಹೇಳುವುದು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು.

"ಏನಂತಾನವಾ?" ಅತ್ತೆ ನನ್ನ ತೋಳು ಹಿಡಿದರು.

"ಯಾರೋ ಇವನ ಮೇಲೆ ಫೋನು ಮಾಡಿ ಚಾಡಿ ಹೇಳಿದಾರಂತೆ ಅತ್ತೆ. ಮಾನ್ವೆಲ್ ಇರಬೇಕು ಅಂತಾನೆ. ಅಂಗಡಿ ಮುಚ್ತಾನಂತೆ."

ಅತ್ತೆ ಯಾರನ್ನೂ ಬೈದವರಲ್ಲ. ನನ್ನನ್ನೂ ಬೈದಿರಲಿಲ್ಲ. ಅವತ್ತು ಕುರ್ಬಾನಿಯ ರಕ್ತ ಇನ್ನೂ ಆರದ ಕೈಯನ್ನು ಆಕಾಶಕ್ಕೆ ಎತ್ತಿದರು.

"ಯಾರ ಮಾಡಿದ್ರೋ ಅವರಿಗ ಅಲ್ಲಾ ನೋಡಕೊಳ್ಳಲಿ. ಅವರ ಹೊಟ್ಟ್ಯಾಗ ಹುಟ್ಟಿದವರು ಸೈತ ಅವರ ಮಾತ ನಂಬಬಾರ್ದು." ಆಮೇಲೆ ನನ್ನ ಕಡೆ ತಿರುಗಿದರು. "ಅವಗ ಹೇಳವಾ. ಒಂದಕ್ಷರ ಬಿಡದಂಗ ಹೇಳ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಮಾರ್ಟಿನ್ ಟೋಪಿ ತೆಗೆದು ಕೇಳಿಸಿಕೊಂಡ. ಅತ್ತೆಯನ್ನು ನೋಡಿ ತಲೆ ಬಾಗಿಸಿ, "ನನ್ನ ಪರವಾಗಿ ನಿಂತವರು ಇವರೊಬ್ಬರೇ ಅಂತ ಹೇಳು" ಅಂದ.

ಅದನ್ನೂ ಅತ್ತೆಗೆ ಹೇಳಿದೆ.